ಕಾಲು ಮುಂದಾಗಿ ಹುಟ್ಟಿದಾಂವನ ಕಾಲು ಉಳುಕಿದ್ದು

ಜುಲೈ 8, ಮಂಗಳವಾರ. ಸೊರಟೂರ

ಗೊಬ್ಬರದ ಅಂಗಡಿಯಾಂವ ಕೊಟ್ಟ ಈ ಡೈರಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತ ತಗದೇನಿ. ಯಾಕಂದ್ರ ಇವತ್ತ ಆಗಿದ್ದನ್ನ ಊರಾಗ ಯಾರ ಮುಂದೂ ಹೇಳುವಂಗಿಲ್ಲ. ಹೇಳದ ಇದ್ರ ನನ್ನ ಹೊಟ್ಟಿ ಉಬ್ಬತೈತಿ.

ಸುತ್ತ ಹತ್ತ ಊರಿಗೆ ಗೊತ್ತಿದ್ದ ಮಾತು: ಸೊರಟೂರ ಬೀರಲಿಂಗಪ್ಪ ತಾಯಿ ಹೊಟ್ಟಿಯಿಂದ ಕಾಲು ಮುಂದಾಗಿ ಬಂದಾಂವ. ಅಂಥವರ ಕಾಲಾಗ ಉಳುಕು ತಗಿಯೋ ಗುಣ ಇರತೈತಿ. ಸೊಂಟ ಹಿಡಕೊಂಡವರು, ಪಾದ ಹೊಳ್ಳಿದವರು ಮಂಗಳವಾರ, ಐತವಾರ ಮುಂಜಾನೆದ್ದು ಬರೇ ಹೊಟ್ಟಿಲೆ ಬರ್ತಾರ. ನಮ್ಮ ಪಡಸಾಲ್ಯಾಗ ಮಕ್ಕೋತಾರ. ನಾ ಬಲಗಾಲಿಲೆ ಮೂರು ಸಲ ಒದೀತೀನಿ. ಒಂದು ಟೆಂಗಿನಕಾಯಿ ಇಟ್ಟು ಹೋಗ್ತಾರ. ನಲವತ್ತೈದು ವರ್ಷದಿಂದ ನಮ್ಮ ಮನಿಗೆ ಟೆಂಗಿನಕಾಯಿ ಕೊಂಡು ತಂದಿದ್ದಿಲ್ಲ.

ಇವತ್ತ ಬಂದಾಂವ ನನ್ನ ಗೆಣೆಯ ಉಡಚಪ್ಪ. ಗೊಬ್ಬರದ ಚೀಲ ಎತ್ತಾಕ ಹೋಗಿ ಸೊಂಟ ಹಿಡಕೊಂಡಿದ್ದ. ಬೋರಲ ಮಲಗಿಸಿದೆ. ಒಂದು ಒದ್ದೆ. ಎರಡು ಒದ್ದೆ. ಮೂರನೇದು ಸಾದಾ ಒದ್ದಿದ್ರ ನಡೀತಿತ್ತು. ಆದ್ರ ಬಾಗಲದಾಗ ನಾಕ ಮಂದಿ ಹೆಣ್ಮಕ್ಕಳು ನಿಂತು ನೋಡಾಕ ಹತ್ತಿದ್ರು. ಅವರಿಗೂ ಏನರ ನೋಡಿದಂಗ ಆಗ್ಲಿ ಅಂತ ಸ್ವಲ್ಪ ಜಿಗದು ಒದಿಯಾಕ ಹೋದೆ. ಉಡಚಪ್ಪ "ಅಯ್ಯಯ್ಯಪ್ಪೋ" ಅಂತ ಹೊಳ್ಳಿಬಿಟ್ಟ. ನನ್ನ ಕಾಲು ಅವನ ಬೆನ್ನ ಮ್ಯಾಲ ಬೀಳೂದು ಬಿಟ್ಟು ಹೊಸ್ತಿಲದ ಅಂಚಿನ ಮ್ಯಾಲ ಬಿತ್ತು. ಪಾದ ಒಳಗ ತಿರುವಿಕೊಂತು. ಹಸಿ ಕಟಗಿ ಮುರದಂಗ ಒಂದು ಸಪ್ಪಳ.

ನಾ ಬಿದ್ದ ರಭಸಕ್ಕ ಹೆದರಿ ಉಡಚಪ್ಪ ಟಣ್ಣಂತ ಎದ್ದು ನಿಂತ. ಅಂವ ಎದ್ದು ನಿಂತಿದ್ದು ನೋಡಿ ಹೆಣ್ಮಕ್ಕಳು ನನಗ ಕೈ ಮುಗದ್ರು.

"ಏ, ನಿನ್ನ ಕಣ್ಣಾಗ ಯಾಕೋ ನೀರು?" ಅಂದ ಉಡಚಪ್ಪ.

"ನಿನ್ನ ನೋವೆಲ್ಲಾ ನಾ ಜಗ್ಗಿಕೊಂಡೇನಲೇ," ಅಂದೆ.

ಎಲ್ಲಾರೂ ಹೋದ ಮ್ಯಾಲ ನನ್ನ ಹೆಂಡತಿ ಸಾವಿತ್ರೆವ್ವ ಅಂದ್ಲು, "ಆತು, ಮಂದಿ ಹೋದ್ರು. ಇನ್ನ ಎದ್ದರ ಏಳ್ರಿ."

ಏಳಾಕ ಬರಲಿಲ್ಲ.

ಉಳುಕು ತಗಿಯೋ ಕಾಲು ತಾನ ಉಳುಕೇತಿ ಅಂತ ಖಬರ ಆತಂದ್ರ ನಾಳಿಂದ ನಮ್ಮ ಬಾಗಲಾ ಯಾರು ತುಳೀತಾರ? ನಲವತ್ತೈದು ವರ್ಷದ ಹೆಸರು ಒಂದು ಹೊಸ್ತಿಲಕ್ಕ ಬಡದು ಹೋಗಬೇಕೇನು?

ಜುಲೈ 9, ಬುಧವಾರ

ಮನ್ಯಾಗ ಉಪಚಾರ. ಮುಂಜಾನೆ ಬಿಸಿ ಉಪ್ಪಿನ ಶಾಕ. ಮಧ್ಯಾಹ್ನ ಔಡಲ ಎಣ್ಣಿ ಹಚ್ಚಿ ಸಾವಿತ್ರೆವ್ವ ತಿಕ್ಕಿದ್ಲು. ದಿನಾ ಮೂವತ್ತು ರೊಟ್ಟಿ ಬಡಿಯೋ ಕೈ ಅದು. ನಾ ಬಾಯಾಗ ಟಾವೆಲ್ ಇಟ್ಟುಕೊಂಡು ಸುಮ್ಮನ ಮಕ್ಕೊಂಡಿದ್ದೆ. ಗಂಡಸು ಅಂದ್ರ ಹಂಗಿರಬೇಕು.

ಟಾವೆಲ್ ಹರೀತು.

ಜುಲೈ 11, ಶುಕ್ರವಾರ

ಬಾವು ಇಳೀವಲ್ದು. ನಿನ್ನೆ ಬದನಿಕಾಯಿ ಇದ್ದಿದ್ದು ಇವತ್ತ ಕುಂಬಳಕಾಯಿ ಆಗೇತಿ, ಬಣ್ಣ ಮಾತ್ರ ಬದನಿಕಾಯಿದ ಐತಿ. ಹೆಸರ ಹೊಲದಾಗ ಕಳೆ ಬೆಳದೈತಿ, ಎಡಿ ಹೊಡೀಬೇಕು. ಅದು ಹೋಗ್ಲಿ, ಚಾದಂಗಡಿಗೆ ಹೋಗಲಾರದ ಮೂರು ದಿನ ಆತು.

ಬಾಜೂ ಮನಿ ಬೀರವ್ವ ಮುದುಕಿ ಬಾಗಲದಾಗ ಹಣಿಕಿ ಹಾಕಿ "ಯಾಕೋ ಬೀರಲಿಂಗಾ, ಹೊರಗ ಕಾಣವಲ್ಲಿ?" ಅಂದ್ಲು. ಹಾಸಗ್ಯಾಗ ಕಾಲು ಮುಚ್ಚಿಕೊಂಡು ಅಂದೆ: "ಅವ್ವಾ, ಶ್ರಾವಣ ಬರೂತನಕ ಈ ಕಾಲು ಭೂಮಿಗೆ ತಾಗಸಂಗಿಲ್ಲ ಅಂತ ಹರಕಿ ಹೊತ್ತೇನಿ. ಕಾಲಿನ ಶಕ್ತಿ ಸ್ವಲ್ಪ ಇಳದಿತ್ತು. ಈಗ ತುಂಬಾಕ ಇಟ್ಟೇನಿ."

"ಮೊಬೈಲ್ ತುಂಬಾಕ ಇಟ್ಟಂಗೇನು?"

"ಹಂಗ ತಿಳಕೋ."

ಮುದುಕಿ ಹಾಸಗಿಗೆ ದೂರಿಂದನ ನಮಸ್ಕಾರ ಮಾಡಿ ಹೋದ್ಲು. ಈ ತಲಿ ಎಲ್ಲಾರಿಗೂ ಬರಂಗಿಲ್ಲ. ನಾ ಏಳನೇ ಇಯತ್ತೆಕ್ಕ ಶಾಲಿ ಬಿಟ್ಟಿದ್ದಕ್ಕ ಮಾಸ್ತರರು ಅತ್ತಿದ್ರು.

ಜುಲೈ 13, ಐತವಾರ

ಹರಕಿ ಸುದ್ದಿ ಕುರ್ತಕೋಟಿತನಕ ಹೋಗೇತಿ. ಏಳು ಮಂದಿ ಬಂದಿದ್ರು. ಉಳುಕಿದವರು ಇಬ್ಬರ, ಉಳದವರು ಬರೇ ಕಾಲಿನ ದರ್ಶನಕ್ಕ. ಟೆಂಗಿನಕಾಯಿ ಏಳು.

"ಒದೀಲಾರದನ ಇಷ್ಟು ಕಾಯಿ ಬರ್ತಾವಂದ್ರ ಇಷ್ಟು ವರ್ಷ ಯಾಕ ಒದ್ದಿರಿ?" ಅಂತಾಳ ಸಾವಿತ್ರೆವ್ವ.

ನೆಲಕ್ಕ ಪಾದ ಇಟ್ರ ಮಾತ್ರ ಜೀವ ಹೋಗತೈತಿ.

ಜುಲೈ 15, ಮಂಗಳವಾರ

ಮುಂಡರಗಿಯಿಂದ ಅಕ್ಕನ ಫೋನು. ಅಮೃತವ್ವ ನನಗಿಂತ ಎರಡು ವರ್ಷ ದೊಡ್ಡಾಕಿ.

"ತಮ್ಮಾ, ಪಂಚಮಿಗೆ ಕರಿಯಾಕ ಯಾವತ್ತ ಬರ್ತಿ?"

"ಅಕ್ಕಾ, ಈ ವರ್ಷ ನೀನ ಬಸ್ ಹತ್ತಿ ಬಂದ್ರ..."

"ಯಾಕ, ನಿನ್ನ ಕಾಲೇನು ಮುರದಾವೇನು?" ಅಂದ್ಲು.

ತಮ್ಮ ಹೋಗಿ ಕರಕೊಂಡು ಬರಲಿಲ್ಲಂದ್ರ ಪಂಚಮಿಗೆ ಅಕ್ಕ ತವರಿಗೆ ಹೆಂಗ ಬರ್ತಾಳ? ಹೋದ್ನಂದ್ರ ನಾ ಕುಂಟೂದು ನೋಡ್ತಾಳ. ನೋಡಿದ್ರ ನಗ್ತಾಳ. ನಕ್ಕು ಸುಮ್ಮನಿದ್ರ ಪಾಡ ಆತು. ಬಾಯಿ ಬಿಟ್ಲಂದ್ರ?

ಈ ಡೈರಿ ಯಾರೂ ಓದಂಗಿಲ್ಲ. ಸಾವಿತ್ರೆವ್ವಗ ಓದಾಕ ಬರತೈತಿ, ಆದ್ರ ನಾ ಬರದಿದ್ದು ಅಂದ್ರ ಅಕಿ ಓದಂಗಿಲ್ಲ. ಅದಕ್ಕ ಬರೀತೀನಿ. ನಾ ತಲಿ ಮುಂದಾಗಿ ಹುಟ್ಟಿದಾಂವ, ಎಲ್ಲಾರಂಗ. ಕಾಲು ಮುಂದಾಗಿ ಹುಟ್ಟಿದಾಕಿ ಅಕ್ಕ.

ಅಕ್ಕಗ ಏಳು ವರ್ಷ ಆದಾಗ ಮಂದಿ ಅಕಿ ಕಾಲು ಹುಡುಕ್ಕೊಂಡು ಬರಾಕ ಹತ್ತಿದ್ರು. ಅಪ್ಪ ಅಂದ: "ಗಂಡಸರ ಬೆನ್ನ ಮ್ಯಾಲ ಕಾಲಿಡೋ ಹುಡುಗಿನ್ನ ನಾಳೆ ಯಾವಾಂವ ಲಗ್ನ ಆಗ್ತಾನ?" ಮರುದಿನ ಬಂದವರಿಗೆ, ನೀವು ತಪ್ಪು ಕೇಳೀರಿ, ಕಾಲು ಮುಂದಾಗಿ ಹುಟ್ಟಿದಾಂವ ಹುಡುಗ, ಅಂತ ನನ್ನ ಮುಂದ ನಿಲ್ಲಿಸಿದ. ಸೂಲಗಿತ್ತಿ ಅಷ್ಟೊತ್ತಿಗೆ ಸತ್ತಿದ್ಲು. ಅಕ್ಕ ಒಂದು ದಿನ ಅತ್ಲು. ನನಗ ಕೊಬ್ಬರಿ ಬಂತು.

ಆಗಿನ ಕಾಲ ಹಂಗ ಇತ್ತು. ಅಕಿಗೇನು ಕಡಿಮಿ ಆಗೇತಿ? ಲಗ್ನ ಆತು, ಮಕ್ಕಳಾದ್ವು. ಕಾಲಿನ ಗುಣ ಇರೂದು ಒದಿಯಾವನ ಧೈರ್ಯದಾಗ.

ಜುಲೈ 16, ಬುಧವಾರ

ಲಕ್ಷ್ಮೇಶ್ವರದಾಗ ಗೌಸಬಿ ಅಂತ ಮುದುಕಿ ಅದಾಳ. ಅಕಿ ಖರೇನ ಕಾಲು ಮುಂದಾಗಿ ಹುಟ್ಟಿದಾಕಿ. ಪಂಚಮಿಗೆ ಮೊದಲ ಕಾಲು ನೆಟ್ಟಗ ಆಗಬೇಕಂದ್ರ ಬ್ಯಾರೆ ದಾರಿ ಇದ್ದಿದ್ದಿಲ್ಲ. ಸೋಮೇಶ್ವರ ಗುಡಿಗೆ ಹೋಗ್ತೀವಿ ಅಂತ ಊರಾಗ ಹೇಳಿ, ಸಾವಿತ್ರೆವ್ವನ ಭುಜ ಹಿಡಕೊಂಡು ಬಸ್ ಹತ್ತಿದೆ.

ಗೌಸಬಿ ಮನಿ ಕಟ್ಟಿ ಮ್ಯಾಲ ಹತ್ತು ಮಂದಿ ಕುಂತಿದ್ರು. ನಾ ಕುಂತೆ. ಬಾಜು ಕುಂತಾಂವ ಮಾರಿ ಆ ಕಡೆ ತಿರುವಿದ. ನಾನೂ ಈ ಕಡೆ ತಿರುವಿದೆ. ಆಮ್ಯಾಲ ಇಬ್ಬರೂ ಒಮ್ಮೆಲೆ ತಿರುಗಿದ್ವಿ. ಉಡಚಪ್ಪ!

"ನೀ ಯಾಕೋ ಇಲ್ಲೆ?" ಅಂದ.

"ಇಕಿ ಸಲುವಾಗಿ ಬಂದೀನಿ."

"ನನಗೇನಾಗೇತಿ?" ಅಂದ್ಲು ಸಾವಿತ್ರೆವ್ವ. ನಲವತ್ತು ಮೈಲಿಗೆ ಕೇಳುವಂಥ ದನಿ.

ಅವನ ಸೊಂಟ ಇನ್ನೂ ಕುಡಗೋಲಿನಂಗ ಬಾಗೇತಿ. "ಅಲ್ಲಲೇ, ಅವತ್ತ ಟಣ್ಣಂತ ಎದ್ದು ನಿಂತಿದ್ದೆಲ್ಲ?" ಅಂದೆ.

"ನೀ ಅಷ್ಟು ಕಷ್ಟಪಟ್ಟು ಒದ್ದಿದ್ದಿ. ನಾಕ ಮಂದಿ ಮುಂದ ಇನ್ನೂ ನೋಯತೈತಿ ಅಂತ ಹೆಂಗ ಅನ್ನೂದು?"

ಇಬ್ಬರೂ ಸೋಮೇಶ್ವರನ ಮ್ಯಾಲ ಆಣಿ ಇಟ್ವಿ, ಅಂವ ನನ್ನ ಇಲ್ಲೆ ನೋಡಿಲ್ಲ, ನಾ ಅವನ್ನ ನೋಡಿಲ್ಲ.

ನನ್ನ ಪಾಳಿ ಬಂತು. ಗೌಸಬಿ ಒದೀಲಿಲ್ಲ. ಕಾಲು ನೋಡಿದ್ಲು, ಒಳಗಿನ ಖೋಲಿ ಕಡೆ ಬೆರಳು ಮಾಡಿದ್ಲು. "ಹೋಗು ಬೇಟಾ, ನನ್ನ ಮೊಮ್ಮಗಳು ನೋಡ್ತಾಳ."

"ಅಮ್ಮಾ, ನಿಮ್ಮ ಕಾಲು...?"

"ನನ್ನ ಕಾಲಿಗೆ ಮಂದಿ ಬರ್ತಾರ. ಬಂದವರು ನನ್ನ ಮಾತು ಕೇಳ್ತಾರ. ಅದಕ್ಕ ಅಕಿ ಕಡೆ ಕಳಸ್ತೀನಿ. ಕಾಲಿನ ಕೆಲಸ ಅಷ್ಟ."

ಮೊಮ್ಮಗಳು ಫಿಜಾ ಫಿಸಿಯೋ ಕಲತಾಳಂತ. ನೋಡಾಕ ಸಣ್ಣ ಹುಡುಗಿ. ಹರಡಿನ, ಅಂದ್ರ ಪಾದದ ಗಂಟಿನ, ಹಿಂದಿನ ಎಲುಬು ಒತ್ತಿದ್ಲು. ನಾಕ ಹೆಜ್ಜಿ ನಡೀರಿ ಅಂದ್ಲು. ನಡದೆ. "ಎಲುಬು ಮುರದಿಲ್ಲ ಕಾಕಾ. ನಾಕ ಹೆಜ್ಜಿ ಇಡಾಕ ಬರದಿದ್ರ, ಇಲ್ಲಾ ಇಲ್ಲೆ ಒತ್ತಿದ್ರ ಚೀರಿದ್ರ, ಮೊದಲ ಗದಗಕ್ಕ ಎಕ್ಸ್‌ರೇಕ್ಕ ಕಳಸ್ತಿದ್ದೆ. ಮನ್ಯಾಗ ಏನು ಮಾಡಿದ್ರಿ?"

ಶಾಕದ್ದು, ತಿಕ್ಕಿದ್ದು ಹೇಳಿದೆ. ಹುಡುಗಿ ಹಣಿ ಹಣಿ ಬಡಕೊಂಡ್ಲು. ಉಳುಕಿದ ಹೊಸದ್ರಾಗ ಬಿಸಿ ಶಾಕ ಇಲ್ಲ, ತಿಕ್ಕೂದಿಲ್ಲ. ಬರ್ಫ ಅರಬ್ಯಾಗ ಸುತ್ತಿ ಇಡೂದು, ಜಗ್ಗೋ ಪಟ್ಟಿ ಕಟ್ಟೂದು, ಕಾಲು ದಿಂಬಿನ ಮ್ಯಾಲ ಎತ್ತರಕ್ಕ ಇಡೂದು. ನಾವು ಮಾಡಿದ್ದು ಪೂರಾ ಉಲ್ಟಾ.

"ಒದ್ದರ?" ಅಂತ ಮೆಲ್ಲಕ ಕೇಳಿದೆ.

"ಒದ್ದರ ಒದ್ದಾವನ್ನ ಒಳಗ ಹಾಕಬೇಕು," ಅಂದ್ಲು.

ಪಟ್ಟಿ ಕಟ್ಟಿ ವ್ಯಾಯಾಮ ಹೇಳಿಕೊಟ್ಲು. ಕಾಲು ಗಾಳ್ಯಾಗ ಹಿಡದು ಹೆಬ್ಬೆರಳಿಲೆ ಎ ಬಿ ಸಿ ಡಿ ಬರೀಬೇಕಂತ. "ನಮ್ಮದು ಕನ್ನಡ ಶಾಲಿ, ಡಾಕ್ಟರವ್ವಾ," ಅಂದೆ. "ಕನ್ನಡ ಇನ್ನೂ ಛಲೋ ಕಾಕಾ, ಅಕ್ಷರ ಜಾಸ್ತಿ ಅದಾವ." ಪೂರಾ ನೆಟ್ಟಗ ಆಗಾಕ ಬಿದ್ದ ದಿನದಿಂದ ಆರು ವಾರ.

ಜುಲೈ 19, ಶನಿವಾರ

ಬಾವು ಅರ್ಧಾ ಇಳದೈತಿ. ಅ ಆ ಇ ಈ ಸಲೀಸು. ಋ ಬರಿಯೂದ್ರಾಗ ಕಣ್ಣಾಗ ಚಿಕ್ಕಿ ಕಂಡ್ವು. ಆದ್ರ ಬರದಿದ್ದು ನೋಡಬೇಕು, ನನ್ನ ಬಲಗೈ ಅಕ್ಷರಕ್ಕಿಂತ ಬಲಗಾಲಿನ ಅಕ್ಷರ ದುಂಡಗ ಅದಾವ. ಗದಗ ಜಿಲ್ಲಾದಾಗ ಕಾಲಿಲೆ ಹಿಂಗ ಬರಿಯಾವ ಇನ್ನೊಬ್ಬನ್ನ ತೋರಸ್ರಿ.

ಸಾವಿತ್ರೆವ್ವ ಒಳಗ ಬಂದು, "ನನಗ ಯಾಕ ಕಾಲು ಝಾಡಸಾಕ ಹತ್ತೀರಿ?" ಅಂತ ಸಿಟ್ಟಾದ್ಲು.

"ನಿನ್ನ ಹೆಸರು ಬರಿಯಾಕ ಹತ್ತೇನಿ."

ಸ್ವಲ್ಪೊತ್ತು ನಿಂತು ನೋಡಿದ್ಲು. "ತ್ರ ತಪ್ಪೈತಿ," ಅಂತ ಹೋದ್ಲು.

ಜುಲೈ 23, ಬುಧವಾರ

ಅಕ್ಷರ ಮುಗದ್ವು. ಈಗ ಬಳಗದವರ ಹೆಸರು ಬರೀತೀನಿ. ಅಕ್ಕನ ಹೆಸರಿನ್ಯಾಗ ಕಾಲಿಗೆ ಕೆಲಸ ಭಾಳ: 'ಮ'ದ ಕೆಳಗೊಂದು ಸುತ್ತು, 'ವ'ದ ಕೆಳಗೊಂದು ಒತ್ತು. ಇವತ್ತ ಇಪ್ಪತ್ತು ಸಲ ಬರದೆ.

ಬರಿಯೂವಾಗ ನೆನಪಾತು. ಅವತ್ತ ಅಕ್ಕ ಒಂದು ದಿನ ಅತ್ಲು ಅಂತ ಬರದಿದ್ದೆ. ಒಂದು ದಿನ ಅಲ್ಲ. ಪ್ರತಿ ಐತವಾರ ಮಂದಿ ಬಂದಾಗ ದನದ ಮನ್ಯಾಗ ಹೋಗಿ ಕುಂಡ್ರತಿದ್ಲು. ಎಷ್ಟು ವರ್ಷ ಅಂತ ಗೊತ್ತಿಲ್ಲ. ನಾ ಒದಿಯೂದ್ರಾಗ ಇರತಿದ್ದೆ.

ಇರಲಿ. ಹಿಮ್ಮಡ ಎತ್ತೂದು ಹತ್ತು ಸಲ ಆತು.

ಜುಲೈ 26, ಶನಿವಾರ

ಮುಂಡರಗಿಗೆ ಹೋಗಿ ಅಕ್ಕನ್ನ ಕರಕೊಂಡು ಬಂದೆ. ಪಟ್ಟಿ ಬಿಗದು, ಮ್ಯಾಲ ಧೋತರ ಇಳಿಬಿಟ್ಟು, ಮದುಮಗನಂಗ ಸಾವಕಾಶ ನಡಕೊಂತ ಹೋಗಿದ್ದೆ. ಅಕ್ಕ ಬಾಗಲದಾಗ ನಿಂತು ನಾ ಓಣಿ ದಾಟಿ ಬರೂದು ನೋಡಿದ್ಲು.

"ಎಷ್ಟು ದಿನ ಆತು?"

"ಏನು?"

"ಕಾಲು."

"ಹದಿನೆಂಟು."

ಮುಂಡರಗಿಯಿಂದ ಗದಗದತನಕ ನಕ್ಕೋತ ಬಂದ್ಲು. ಕಂಡಕ್ಟರ್ ಬಂದು "ಯಜಮಾನ್ರ, ಅವ್ವಾರಿಗೆ ಹುಷಾರಿಲ್ಲೇನ್ರಿ?" ಅಂತ ಕೇಳಿದ. ಊರಾಗ ಇಳದ ಮ್ಯಾಲ ಮಾತ್ರ ನಗು ನಿಲ್ಲಿಸಿದ್ಲು. ನನ್ನ ಕೈಯಾಗಿನ ಚೀಲ ಕಸಕೊಂಡು ತಾನ ಹೊತ್ತಳು.

ಜುಲೈ 29, ಮಂಗಳವಾರ. ಪಂಚಮಿ

ಆದಂಗ ಬರೀತೀನಿ.

ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ಉಡಚಪ್ಪನ ಮಗಳು ಸುನಿತಾ, ಲಗ್ನ ಆಗಿ ಮೊದಲನೇ ಪಂಚಮಿಗೆ ಬಂದಾಕಿ, ನಿಂತು ಜೀಕಾಕ ಹತ್ತಿದ್ಲು. ಹಗ್ಗ ಜಾರಿತು. ಕೆಳಗ ಬಿದ್ಲು, ಎಡಗಾಲು ಅಡ್ಡಾಗಿ. ಕಣ್ಣು ಮುಚ್ಚಿ ತಗಿಯೂದ್ರಾಗ ಬಾತು ಬಂತು.

"ಬೀರಲಿಂಗಪ್ಪ ಕಾಕಾನ್ನ ಕರೀರಿ!"

"ಇವತ್ತ ಮಂಗಳವಾರ ಬ್ಯಾರೆ!"

"ಶ್ರಾವಣ ಬಂದೈತಿ, ಹರಕಿ ಮುಗದೈತಿ. ಮೂರು ವಾರದ ಶಕ್ತಿ ತುಂಬೇತಿ ಕಾಲಾಗ!"

ನನ್ನ ಸುಳ್ಳು ನನ್ನನ್ನ ಹುಡುಕ್ಕೊಂಡು ಬಂದಿತ್ತು. ಊರಿಗೂರ ಸುತ್ತುಗಟ್ಟಿ ನಿಂತಿತ್ತು. ಸುನಿತಾ ಮಣ್ಣಾಗ ಕುಂತು, "ಕಾಕಾ, ಮೆಲ್ಲಕ," ಅಂದ್ಲು. ಉಡಚಪ್ಪ ನನ್ನ ಮಾರಿ ನೋಡಿದ. ಬಾಯಿ ಬಿಡಾಕ ಬರುವಂಗಿಲ್ಲ, ಆಣಿ ಐತಿ.

ನಾ ಕುಂತೆ. ಡಾಕ್ಟರವ್ವ ಒತ್ತಿದಂಗ ಹರಡಿನ ಹಿಂದ ಎರಡು ಬೆರಳಿಲೆ ಒತ್ತಿದೆ. ಹುಡುಗಿ ಚೀರಿದ್ಲು. "ನಾಕ ಹೆಜ್ಜಿ ನಡಿ ನೋಡೋಣು," ಅಂದೆ. ಎಬ್ಬಿಸಿದ್ವಿ. ಒಂದು ಹೆಜ್ಜಿನೂ ಆಗಲಿಲ್ಲ.

"ಇದು ಒದಿಯೂದಲ್ಲ. ಗದಗಕ್ಕ ಒಯ್ರಿ, ಎಕ್ಸ್‌ರೇ ತಗಸ್ರಿ."

ಮಂದಿ ಗುಜುಗುಜು ಅಂತು. ಬೀರವ್ವ ಮುಂದ ಬಂದ್ಲು. "ಮೂರು ವಾರ ಕುಂತು ಉಂಡು ಕಾಲಿನ ಗುಣ ಹೋತೇನೋ ನಿನ್ನ? ಬಿಡು, ನಾ ಎಳೀತೀನಿ," ಅಂತ ಸುನಿತಾನ ಪಾದಕ್ಕ ಕೈ ಹಾಕಿದ್ಲು.

"ಕೈ ತಗೀ ಅವ್ವಾ!" ಅಂದೆ. ನನ್ನ ದನಿ ನನಗ ಹೊಸದು ಅನಿಸ್ತು. "ನನ್ನ ಕಾಲಾಗ ಯಾವ ಗುಣಾನೂ ಇದ್ದಿದ್ದಿಲ್ಲ. ನಾ ತಲಿ ಮುಂದಾಗಿ ಹುಟ್ಟಿದಾಂವ. ಕಾಲು ಮುಂದಾಗಿ ಹುಟ್ಟಿದಾಕಿ ನಮ್ಮಕ್ಕ."

ಎಲ್ಲಾರೂ ಅಕ್ಕನ ಕಡೆ ತಿರುಗಿದ್ರು. ಅಕ್ಕನ ಬಾಯಾಗ ಶೇಂಗಾ ಉಂಡಿ ಇತ್ತು. ಅವಸರ ಮಾಡಲಿಲ್ಲ. ಅಗದ್ಲು, ನುಂಗಿದ್ಲು, ಸೆರಗಿಲೆ ಬಾಯಿ ಒರಿಸಿಕೊಂಡ್ಲು.

"ಹೌದು," ಅಂದ್ಲು. "ನಾನ."

"ಹಂಗಾರ ನೀನ ಕಾಲಿಡವಾ," ಅಂದ್ಲು ಬೀರವ್ವ.

ಅಕ್ಕ ಮುಂದ ಬಂದ್ಲು. ಸೀರಿ ನಿರಿಗಿ ಸ್ವಲ್ಪ ಎತ್ತಿ ಹಿಡದ್ಲು. ನಲವತ್ತೈದು ವರ್ಷ ಕಾದ ಕಾಲು ಅದು. ನಾ ಕೈ ಮುಗದೆ. ಅಕ್ಕ ನನ್ನ ನೋಡಿದ್ಲು, ಸುನಿತಾನ್ನ ನೋಡಿದ್ಲು. ನಿರಿಗಿ ಬಿಟ್ಲು.

"ಕಾಲು ಮುಂದಾಗಿ ಹುಟ್ಟಿದಾಕಿ ಹೇಳಾಕ ಹತ್ತೇನಿ. ನನ್ನ ತಮ್ಮ ಅಂದಂಗ ಮಾಡ್ರಿ. ಏನೋ ಬೀರ್ಯಾ, ಏನು ತರಬೇಕು?"

"ಬರ್ಫ. ಒಂದು ದಿಂಬು. ಒಂದು ಗಾಡಿ."

ಮಂದಿ ಓಡಿತು. ನನ್ನ ಮಾತಿಗೆ ಹಂಗ ಯಾವತ್ತೂ ಓಡಿದ್ದಿಲ್ಲ. ಸೋಡಾ ಅಂಗಡಿ ಶಾನವಾಜ, ಬರ್ಫ ಇಲ್ಲಂತ ಹೇಳಿ ಫ್ರಿಜ್‌ನ್ಯಾಗಿದ್ದ ಐಸ್ ಕ್ಯಾಂಡಿ ಎಲ್ಲಾ ಹಳದಿ, ಕೆಂಪು, ಕೇಸರಿ ಬಳಕೊಂಡು ತಂದ. ಟಾವೆಲ್‌ನ್ಯಾಗ ಸುತ್ತಿ ಇಟ್ವಿ. ಸುನಿತಾ ಅಳಕೋತ ನಕ್ಕಳು. ಗದಗಕ್ಕ ಹೋಗೂದ್ರಾಗ ಕಾಲು ಮೂರು ಬಣ್ಣದ್ದಾಗಿತ್ತಂತ.

ಜುಲೈ 30, ಬುಧವಾರ

ಉಡಚಪ್ಪನ ಫೋನು. ಎಲುಬು ಸೀಳಿತ್ತಂತ. ಆರು ವಾರ ಪ್ಲಾಸ್ಟರ್. ಹಂಗ ತಂದಿದ್ದು ಛಲೋ ಆತು, ಒದ್ದಿದ್ರ ಇಲ್ಲಾ ಎಳದಿದ್ರ ಎಲುಬು ಸರೀತಿತ್ತು ಅಂದ್ರಂತ ಡಾಕ್ಟರು.

ಉಣ್ಣಾಕ ಮನಸ್ಸಾಗಲಿಲ್ಲ. ಇಷ್ಟು ವರ್ಷ ಯಾರ್ಯಾರನ್ನ ಒದ್ದೆ ಅಂತ ಎಣಿಸಾಕ ಹತ್ತಿದ್ದೆ. ಮುಗೀಲಿಲ್ಲ.

ಆಗಸ್ಟ್ 3, ಐತವಾರ

ಮುಂಜಾನೆ ಒಂಬತ್ತು ಮಂದಿ. "ಅಮೃತವ್ವ ಅದಾರೇನ್ರಿ?" ಅಂತ ಕೇಳಿದ್ರು. ನಾ ಬಾಗಲದಾಗ ನಿಂತಿದ್ರೂ ನನ್ನ ಸುತ್ತಿ ಹಾಯ್ದು ಒಳಗ ಹೋದ್ರು. ಅಕ್ಕ ನನ್ನ ಹೊರಸಿನ ಮ್ಯಾಲ ಕುಂತು ಟೆಂಗಿನಕಾಯಿ ಇಸಗೊಂಡು, ಇವನ್ನ ಗದಗಕ್ಕ, ಅವಳನ್ನ ಲಕ್ಷ್ಮೇಶ್ವರದ ಹುಡುಗಿ ಕಡೆ, ಅಂತ ಠೀವಿಲೆ ಕಳಿಸಿದ್ಲು. ಒಬ್ಬಗೂ ಕಾಲು ಮುಟ್ಟಸಲಿಲ್ಲ. ಎಲುಬು ಒತ್ತಿ ನೋಡಿದಾಂವ, ಪಟ್ಟಿ ಕಟ್ಟಿದಾಂವ ನಾ. ಬೆರಳಿನ ಬುಡದಿಂದ ಹಿಡದು ಹರಡಿನ ಮ್ಯಾಲತನಕ ಒಂದೂ ಸುಕ್ಕು ಇಲ್ಲದಂಗ ಕಟ್ಟೂದು, ಬಿಗಿನೂ ಅಲ್ಲ, ಸಡಲೂ ಅಲ್ಲ. ಶಿರಹಟ್ಟಿಯಿಂದ ಮುಂಡರಗಿತನಕ ನನ್ನಂಗ ಪಟ್ಟಿ ಕಟ್ಟಾವ ಇದ್ರ ಬರಲಿ, ಎದುರಿಗೆ ಕುಂಡ್ರತೀನಿ.

ಮಧ್ಯಾಹ್ನ ಊಟ ಆದ ಮ್ಯಾಲ ಮನ್ಯಾಗ ನಾವಿಬ್ಬರ ಇದ್ವಿ. ಅಕ್ಕ ಕುಂತಲ್ಲಿಂದನ, "ತಮ್ಮಾ," ಅಂದ್ಲು, "ನಾ ಇಲ್ಲೀತನಕ ಯಾರಿಗೂ ಕಾಲಿಟ್ಟಿಲ್ಲ. ಒಬ್ಬರಿಗೂ."

ನಾ ಪಟ್ಟಿ ಬಿಚ್ಚಿ ಕಾಲು ಚಾಚಿದೆ. ಅಕ್ಕ ಎದ್ದು ಬಂದು, ಗ್ವಾಡಿ ಹಿಡಕೊಂಡು, ಬಲಗಾಲಿನ ಹೆಬ್ಬೆರಳು ನನ್ನ ಹರಡಿನ ಮ್ಯಾಲ ಇಟ್ಲು. ಒದೀಲಿಲ್ಲ, ಒತ್ತಲಿಲ್ಲ. ಕೂಸಿನ ಗಲ್ಲ ಮುಟ್ಟಿದಂಗ ಮೂರು ಸಲ ಮುಟ್ಟಿದ್ಲು.

"ಕಡಿಮಿ ಆತೇನೋ?"

"ಪೂರಾ ಹೋತು ಅಕ್ಕಾ. ಇಟ್ಟ ಕೂಡ್ಲೇ ಹೋತು."

ಅಕ್ಕ ಹೊರಸಿನ ಮ್ಯಾಲ ಕುಂತು ತನ್ನ ಪಾದ ತಾನ ನೋಡಿಕೊಂತ ನಕ್ಕಳು.

ಡಾಕ್ಟರವ್ವ ಹೇಳಿದ ಆರು ವಾರದಾಗ ಇನ್ನೂ ಎರಡು ವಾರದ ಮ್ಯಾಲ ಉಳದಾವ. ದಿನಾ ಮುಂಜಾನೆ ಸಂಜಿ ಬಲಗಾಲ ಒಂದರ ಮ್ಯಾಲ ನಿಲ್ಲೂ ವ್ಯಾಯಾಮ ಈಗ ಸುರು ಆಗೇತಿ. ಅಕ್ಕ ಮುಂಡರಗಿಗೆ ಹೋಗೂದು ಬುಧವಾರ. ಕಾಲು ಇನ್ನೂ ನೋಯೂದು ಅಲ್ಲೀತನಕ ಅಕಿ ಕಣ್ಣಿಗೆ ಬೀಳಬಾರದು. ದನದ ಮನ್ಯಾಗ ಬಾಗಲ ಹಾಕ್ಕೊಂಡು ನಿಲ್ತೀನಿ.